ಮದುಮಗಳು ಕುಣಿಯದ ಮದುವೆ: ಬ್ರೊನಿಸ್ಲಾವಾ ನಿಜಿನ್ಸ್ಕಾ ಬ್ಯಾಲೆಯನ್ನು ಬದಲಿಸಿದ ಬಗೆ

ನಮ್ಮ ಧಾರವಾಡದ ಕಡೆ ಮದುವೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ಮದುಮಗಳು. ಅರಿಷಿಣ ಹಚ್ಚುವ ಹೆಂಗಸರು ಮಾತಾಡುತ್ತಾರೆ. ಸುರಗಿ ಸುತ್ತುವವರು ಮಾತಾಡುತ್ತಾರೆ. ಬೀಗರ ಊಟ ಉಪಚಾರ ನೋಡುವವರು ಗಂಟಲು ಹರಿಯುವ ಹಾಗೆ ಕೂಗಾಡುತ್ತಾರೆ. ಸೋಬಾನ ಪದ ಹಾಡುವವರು ಅವಳ ಪರವಾಗಿ ಅಳುತ್ತಾರೆ, ಅತ್ತೆಗೆ ಬುದ್ಧಿ ಹೇಳುತ್ತಾರೆ, ಬೀಗತಿಯನ್ನು ಕಾಡುತ್ತಾರೆ. ದಂಡಿ ಕಟ್ಟಿಕೊಂಡು ಕೂತ ಹುಡುಗಿ ಮಾತ್ರ ತಲೆ ಎತ್ತುವುದಿಲ್ಲ. ಮದುವೆ ಅವಳದು, ನಡೆಸುವವರು ಉಳಿದವರು.

1923ರ ಜೂನ್ 13ರಂದು ಪ್ಯಾರಿಸ್ಸಿನಲ್ಲಿ ಒಂದು ಹೊಸ ಬ್ಯಾಲೆ ರಂಗಕ್ಕೆ ಬಂತು. ಹೆಸರು 'ಲೇ ನೋಸ್', ಅಂದರೆ ಮದುವೆ. ರಷ್ಯಾದ ಒಂದು ಹಳ್ಳಿಯ ಮದುವೆಯೇ ಅದರ ಕಥೆ. ಅದರಲ್ಲೂ ಮದುಮಗಳು ಹೆಚ್ಚುಕಡಿಮೆ ಕುಣಿಯುವುದೇ ಇಲ್ಲ. ಕುಣಿಯುವುದು ಗುಂಪು. ನಾಯಕಿಯನ್ನು ಸುಮ್ನೆ ನಿಲ್ಲಿಸಿ ಗುಂಪಿನ ಕೈಗೆ ಇಡೀ ಬ್ಯಾಲೆಯನ್ನು ಕೊಟ್ಟವಳು ಬ್ರೊನಿಸ್ಲಾವಾ ನಿಜಿನ್ಸ್ಕಾ. ಆಗ ಆಕೆಗೆ 32 ವರ್ಷ.

ನಿಜಿನ್ಸ್ಕಿ ಅನ್ನುವ ಹೆಸರನ್ನು ನೀವು ಕೇಳಿರಬಹುದು. ಅದು ಆಕೆಯ ಅಣ್ಣ ವಾಸ್ಲಾವ್. ಗಾಳಿಯಲ್ಲಿ ಹಾರಿದರೆ ಅಲ್ಲೇ ನಿಂತುಬಿಡುತ್ತಾನೆ ಎಂದು ಜನ ಬೆರಗಾಗುತ್ತಿದ್ದ ನರ್ತಕ. ಆತನ ಬಗ್ಗೆ ರಾಶಿ ಪುಸ್ತಕಗಳಿವೆ, ಸಿನಿಮಾ ಇವೆ. ತಂಗಿಯ ಹೆಸರು ಮಾತ್ರ ಬಹಳ ವರ್ಷ ಅಡಿಟಿಪ್ಪಣಿಯಲ್ಲೇ ಉಳಿಯಿತು. ನನಗೆ ಇದು ಸರಿ ಅನಿಸುವುದಿಲ್ಲ. ಇಪ್ಪತ್ತನೇ ಶತಮಾನದ ಬ್ಯಾಲೆ ಯಾವ ದಾರಿ ಹಿಡಿಯಿತು ಅಂತ ತಿಳಿಯಬೇಕಾದರೆ ಅಣ್ಣನಷ್ಟೇ ತಂಗಿಯನ್ನೂ ತಿಳಿಯಬೇಕು.

ಆಕೆ ಏನನ್ನು ಬದಲಿಸಿದಳು ಅಂತ ಗೊತ್ತಾಗಲು ಮೊದಲು ಹಳೆಯ ಬ್ಯಾಲೆ ಹೇಗಿತ್ತು ಅಂತ ಸ್ವಲ್ಪ ನೋಡೋಣ. ನಮ್ಮಲ್ಲಿ ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಮಾಡುವ ನೃತ್ಯರೂಪಕಕ್ಕೂ ಬ್ಯಾಲೆ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಯುರೋಪಿನ ಶಾಸ್ತ್ರೀಯ ನೃತ್ಯದ ಬಗ್ಗೆ. ಅದು ಬೆಳೆದದ್ದು ಇಟಲಿ ಮತ್ತು ಫ್ರಾನ್ಸಿನ ಅರಮನೆಗಳಲ್ಲಿ. ಫ್ರಾನ್ಸಿನ ರಾಜ 14ನೇ ಲೂಯಿ 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿದ. ಪಾದ ಇಡಲು ಐದು ಸ್ಥಾನಗಳು ಗೊತ್ತಾದವು. ಸೊಂಟದಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲಬೇಕು ಅನ್ನುವುದು ನಿಯಮವಾಯಿತು. ಇವತ್ತಿಗೂ ಬ್ಯಾಲೆ ಕಲಿಯುವ ಮಗು ಮೊದಲು ಕಲಿಯುವುದು ಇವನ್ನೇ.

ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದು ಆಮೇಲೆ ಬಂತು. 1832ರಲ್ಲಿ ಪ್ಯಾರಿಸ್ಸಿನಲ್ಲಿ ಮರೀ ತಾಲ್ಯೋನಿ 'ಲಾ ಸಿಲ್ಫೀದ್' ಬ್ಯಾಲೆಯಲ್ಲಿ ಹಾಗೆ ನಿಂತು ಕುಣಿದಳು. ಆಕೆ ಮಾಡಿದ್ದು ಕಾಡಿನ ಒಂದು ಗಾಳಿದೇವತೆಯ ಪಾತ್ರ. ನೆಲಕ್ಕೆ ತಾಗಿಯೂ ತಾಗದ ಹಾಗೆ ಕಾಣಬೇಕಿತ್ತು. ಮುಂದೆ ಅದಕ್ಕೆಂದೇ ಗಟ್ಟಿ ಮೂತಿಯ ಶೂ ಬಂದವು. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಬೆರಳಿನ ಸುತ್ತ ಒಂದು ಪೆಟ್ಟಿಗೆ ಮಾಡುತ್ತಾರೆ. ಮೇಲೆ ಹೊಳೆಯುವ ಸ್ಯಾಟಿನ್. ನೋಡುವವರಿಗೆ ಹೂವಿನಷ್ಟು ಹಗುರ, ಹಾಕಿಕೊಂಡವರ ಬೆರಳಿಗೆ ಗುಳ್ಳೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ಯಾಲೆಯ ರಾಜಧಾನಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು. ಅಲ್ಲಿಯ ಮರೀನ್ಸ್ಕಿ ಥಿಯೇಟರ್ ಜಾರ್ ದೊರೆಯ ಖರ್ಚಿನಲ್ಲಿ ನಡೆಯುತ್ತಿತ್ತು. ಆ ಬ್ಯಾಲೆಗಳ ರಚನೆ ಒಂದೇ ನಮೂನೆ. ನಡುವೆ ಬ್ಯಾಲೆರಿನಾ, ಅಂದರೆ ಮುಖ್ಯ ನರ್ತಕಿ, ಹೊಳೆಯುತ್ತಾಳೆ. ಅವಳ ಹಿಂದೆ ಇಪ್ಪತ್ತು ಮೂವತ್ತು ಹುಡುಗಿಯರು ಸಾಲಾಗಿ ನಿಂತು ಒಂದೇ ರೀತಿ ಕೈ ಆಡಿಸುತ್ತಾರೆ. ಸಾಲು ಚೆಂದ ಇರಬೇಕು, ಆದರೆ ಕಥೆ ಅವರದಲ್ಲ. ಅವರು ಚಿತ್ರಕ್ಕೆ ಹಾಕಿದ ಚೌಕಟ್ಟು ಇದ್ದ ಹಾಗೆ. ನಿಜಿನ್ಸ್ಕಾ ಕೈ ಹಾಕಿದ್ದು ಈ ಏರ್ಪಾಟಿಗೆ.

ಆಕೆ ಹುಟ್ಟಿದ್ದು 1891ರ ಜನವರಿಯಲ್ಲಿ, ಮಿನ್ಸ್ಕ್ ಊರಿನಲ್ಲಿ. ಅಪ್ಪ ತೋಮಾಶ್, ಅವ್ವ ಎಲಿಯೊನೋರಾ, ಇಬ್ಬರೂ ಪೋಲೆಂಡಿನ ನರ್ತಕರು. ಊರೂರು ತಿರುಗಿ ಥಿಯೇಟರಿನಲ್ಲಿ, ಸರ್ಕಸ್ಸಿನಲ್ಲಿ ಕುಣಿದು ಬದುಕುತ್ತಿದ್ದರು. ಹೀಗಾಗಿ ಮೂರು ಮಕ್ಕಳು ಮೂರು ಊರಲ್ಲಿ ಹುಟ್ಟಿದರು. ದೊಡ್ಡವ ಸ್ತಾನಿಸ್ಲಾವ್ ತಿಫ್ಲಿಸ್‌ನಲ್ಲಿ, ವಾಸ್ಲಾವ್ ಕೀವ್‌ನಲ್ಲಿ, ಈಕೆ ಮಿನ್ಸ್ಕ್‌ನಲ್ಲಿ. ಗದಗ, ಹುಬ್ಬಳ್ಳಿ ಕಡೆಯ ಹಳೆಯ ಕಂಪನಿ ನಾಟಕದ ಮನೆತನಗಳನ್ನು ಬಲ್ಲವರಿಗೆ ಇದನ್ನು ಜಾಸ್ತಿ ವಿವರಿಸುವುದು ಬೇಡ. ಕ್ಯಾಂಪ್ ಎಲ್ಲೋ ಮಕ್ಕಳೂ ಅಲ್ಲೇ.

ಮುಂದೆ ಅಪ್ಪ ಬೇರೊಬ್ಬಳ ಜೊತೆ ಹೋದ. ಅವ್ವ ಮಕ್ಕಳನ್ನು ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆ ನಿಂತಳು. 1898ರಲ್ಲಿ ವಾಸ್ಲಾವ್, 1900ರಲ್ಲಿ ಬ್ರೊನಿಸ್ಲಾವಾ ಅಲ್ಲಿಯ ಸರ್ಕಾರಿ ನೃತ್ಯಶಾಲೆಗೆ ಸೇರಿದರು. ಅಲ್ಲಿ ಆರಿಸಿಕೊಂಡರೆ ಮುಗಿಯಿತು, ಓದು, ಊಟ, ಮುಂದೆ ನೌಕರಿ, ನಿವೃತ್ತಿಯಾದ ಮೇಲೆ ಪಿಂಚಣಿ. ಒಬ್ಬಳೇ ದುಡಿಯುವ ತಾಯಿಗೆ ಇದಕ್ಕಿಂತ ದೊಡ್ಡ ಆಸರೆ ಏನಿತ್ತು? ಬ್ರೊನಿಸ್ಲಾವಾ 1908ರಲ್ಲಿ ಕಲಿಕೆ ಮುಗಿಸಿ ಮರೀನ್ಸ್ಕಿ ಸೇರಿದಳು.

ಆ ಪಿಂಚಣಿಯ ನೌಕರಿಯನ್ನು ಆಕೆ ಮೂರೇ ವರ್ಷದಲ್ಲಿ ಬಿಟ್ಟಳು. 1911ರಲ್ಲಿ 'ಜಿಸೆಲ್' ಬ್ಯಾಲೆಯಲ್ಲಿ ವಾಸ್ಲಾವ್ ಹಾಕಿಕೊಂಡಿದ್ದ ವೇಷ ಸಭ್ಯವಾಗಿಲ್ಲ ಅಂತ ಅಧಿಕಾರಿಗಳು ಅವನನ್ನು ಕೆಲಸದಿಂದ ತೆಗೆದರು. ತಂಗಿ ರಾಜೀನಾಮೆ ಕೊಟ್ಟು ಹೊರಗೆ ಬಂದಳು. ಇಪ್ಪತ್ತು ವರ್ಷದ ಹುಡುಗಿ, ದೊರೆಯ ಥಿಯೇಟರಿಗೆ ಬೆನ್ನು ತಿರುಗಿಸುವುದು ಸಣ್ಣ ಮಾತಲ್ಲ.

ಅಣ್ಣತಂಗಿ ಇಬ್ಬರೂ ಸೆರ್ಗೇಯ್ ದಿಯಾಗಿಲೆವ್ ಎಂಬುವನ ಕಂಪನಿಗೆ ಹೋದರು. 'ಬ್ಯಾಲೆ ರೂಸ್' ಅಂತ ಅದರ ಹೆಸರು. ದಿಯಾಗಿಲೆವ್ ಸ್ವತಃ ಕುಣಿಯುತ್ತಿರಲಿಲ್ಲ, ಸಂಗೀತ ಕಟ್ಟುತ್ತಿರಲಿಲ್ಲ, ಚಿತ್ರ ಬರೆಯುತ್ತಿರಲಿಲ್ಲ. ಆದರೆ ಯಾರ ಕೈಯಲ್ಲಿ ಏನಿದೆ ಅಂತ ಗುರುತಿಸುವ ಕಣ್ಣಿತ್ತು. ರಷ್ಯಾದ ಸಂಗೀತಕಾರ ಸ್ಟ್ರಾವಿನ್ಸ್ಕಿಯ ಸಂಗೀತ, ಚಿತ್ರಕಾರ ಪಿಕಾಸೊನ ಪರದೆ, ನಿಜಿನ್ಸ್ಕಿಯ ಕುಣಿತ, ಎಲ್ಲವೂ ಇವನ ಕಂಪನಿಯ ಮೂಲಕವೇ ಪ್ಯಾರಿಸ್ಸಿನ ಬ್ಯಾಲೆ ರಂಗಕ್ಕೆ ಬಂದವು.

ಇಲ್ಲಿ ತಂಗಿಯ ಪಾಲು ಎಷ್ಟು ಅನ್ನುವುದನ್ನು ನೋಡಬೇಕು. 1912ರಲ್ಲಿ ವಾಸ್ಲಾವ್ ಕಟ್ಟಿದ 'ಫಾನ್' ಬ್ಯಾಲೆಯಲ್ಲಿ ನರ್ತಕರು ಹಳೆಯ ಗ್ರೀಕ್ ಮಡಕೆಯ ಮೇಲಿನ ಚಿತ್ರಗಳಂತೆ ಮಗ್ಗುಲಾಗಿ ನಡೆಯುತ್ತಾರೆ. ಆ ನಡಿಗೆ ಮೊದಲು ರೂಪ ಪಡೆದದ್ದು ಮನೆಯೊಳಗೆ, ಬ್ರೊನಿಸ್ಲಾವಾಳ ಮೈಮೇಲೆ. ಆತ ಯೋಚಿಸುತ್ತಿದ್ದ, ಈಕೆ ಮಾಡಿ ತೋರಿಸುತ್ತಿದ್ದಳು, ಆತ ಕೈ, ಕುತ್ತಿಗೆ, ಬೆರಳು ತಿದ್ದುತ್ತಿದ್ದ. ಕೊರಿಯೋಗ್ರಾಫರ್‌ಗೆ (ಕುಣಿತ ಕಟ್ಟುವವರಿಗೆ) ಕಾಗದ ಮತ್ತೊಬ್ಬರ ಮೈ. ಆ ಮೈಗೆ ಬುದ್ಧಿ ಇಲ್ಲದಿದ್ದರೆ ಬರಹ ಮೂಡುವುದಿಲ್ಲ.

1913ರಲ್ಲಿ ಆತ ಸ್ಟ್ರಾವಿನ್ಸ್ಕಿಯ 'ವಸಂತ ವಿಧಿ'ಯನ್ನು ಕಟ್ಟಿದ. ನಮ್ಮ ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಹುಟ್ಟಿದ ವರ್ಷ ಅದು. ಆ ಬ್ಯಾಲೆಯದು ಹಳ್ಳಿಯ ಒಬ್ಬ ಹುಡುಗಿ ಬಲಿಯಾಗಿ, ಸಾಯುವ ತನಕ ಕುಣಿಯುವ ಕಥೆ. ಆ ಪಾತ್ರ ತಂಗಿಗೆಂದೇ ಕಟ್ಟಿದ್ದು. ಅಷ್ಟರಲ್ಲಿ ಆಕೆ ಬಸುರಿಯಾದಳು. ಅಣ್ಣ ಸಿಟ್ಟಾದ. ಪಾತ್ರ ಇನ್ನೊಬ್ಬಳಿಗೆ ಹೋಯಿತು. ಮೊದಲ ಪ್ರದರ್ಶನದ ದಿನ ಥಿಯೇಟರಿನಲ್ಲಿ ಜನ ಕೂಗಾಡಿದ್ದು, ಜಗಳ ಆಡಿದ್ದು ಇತಿಹಾಸವಾಯಿತು. ತನ್ನ ಮೇಲೆಯೇ ತಿದ್ದಿದ ಪಾತ್ರವನ್ನು ಈಕೆ ಆಡಲೇ ಇಲ್ಲ. ಹೆಣ್ಣು ಕಲಾವಿದೆಯ ಬದುಕಿನಲ್ಲಿ ಇಂಥದ್ದು ಎಷ್ಟು ಸಲ ಆಗಿದೆಯೋ.

ಅದೇ ವರ್ಷ ವಾಸ್ಲಾವ್ ಮದುವೆಯಾದ, ದಿಯಾಗಿಲೆವ್ ಅವನನ್ನು ಕಂಪನಿಯಿಂದ ತೆಗೆದುಹಾಕಿದ. ಮುಂದಿನ ವರ್ಷ ಮಹಾಯುದ್ಧ ಶುರುವಾಯಿತು. ಬ್ರೊನಿಸ್ಲಾವಾ ರಷ್ಯಾಕ್ಕೆ ಮರಳಿದಳು, ನಂತರ ಕೀವ್‌ಗೆ ಹೋದಳು.

ಕೀವ್‌ನ ವರ್ಷಗಳ ಬಗ್ಗೆ ಓದುವಾಗ ನನಗೆ ಆಕೆಯ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಕ್ರಾಂತಿ, ಅಂತರ್ಯುದ್ಧ, ಊರು ಇವತ್ತು ಒಬ್ಬರ ಕೈಯಲ್ಲಿ, ನಾಳೆ ಇನ್ನೊಬ್ಬರ ಕೈಯಲ್ಲಿ. ಅಂಥ 1919ರಲ್ಲಿ, ಮಡಿಲಲ್ಲಿ ಕೂಸು ಇಟ್ಟುಕೊಂಡು, ಆಕೆ ಒಂದು ಶಾಲೆ ತೆರೆದಳು. ಹೆಸರು 'ಚಲನೆಯ ಶಾಲೆ'. ಅಲೆಕ್ಸಾಂಡ್ರಾ ಎಕ್ಸ್ಟರ್ ಎಂಬ ಚಿತ್ರಕಾರ್ತಿಯ ಒಡನಾಟ ಅಲ್ಲಿ ಸಿಕ್ಕಿತು. ಚೌಕ, ತ್ರಿಕೋನ, ಗೆರೆಗಳಲ್ಲಿ ಯೋಚಿಸುವ ಹೊಸ ಚಿತ್ರಕಲೆ ಅದು. ಮನುಷ್ಯರ ಗುಂಪನ್ನೂ ಹಾಗೆ ಜೋಡಿಸಬಹುದು ಅನ್ನುವುದು ನಿಜಿನ್ಸ್ಕಾಳ ತಲೆಯಲ್ಲಿ ಗಟ್ಟಿಯಾಯಿತು.

ಆ ಶಾಲೆಯ ಮುಖ್ಯ ಪಾಠ ಇಷ್ಟು. ಹಳೆಯ ಕಲಿಕೆಯಲ್ಲಿ ಕೈಯನ್ನು ಮೊದಲ ಸ್ಥಾನದಿಂದ ಎರಡನೇ ಸ್ಥಾನಕ್ಕೆ ಒಯ್ಯಬೇಕು. ಗುರು ತಿದ್ದುವುದು ಕೊನೆಯ ನಿಲುವನ್ನು. ನಿಜಿನ್ಸ್ಕಾ ಕೇಳಿದ್ದು, ನಡುವೆ ಏನಾಯಿತು ಅಂತ. ಈಗ ಕೂತಲ್ಲೇ ಬಲಗೈಯನ್ನು ನಿಧಾನವಾಗಿ ಮೇಲೆತ್ತಿ ನೋಡಿ. ಭುಜ ಮೊದಲು ಎದ್ದಿತೋ, ಮೊಣಕೈಯೋ, ಮಣಿಕಟ್ಟೋ? ಉಸಿರು ಯಾವಾಗ ಒಳಗೆ ಹೋಯಿತು? ಅದೇ ಕೈ, ಅದೇ ಎತ್ತರ, ಆದರೆ ಬೇರೆ ದಾರಿಯಲ್ಲಿ ಎತ್ತಿದರೆ ಬೇರೆಯದೇ ಅರ್ಥ. ಒಂದರಲ್ಲಿ ಕರೆಯುತ್ತೀರಿ, ಇನ್ನೊಂದರಲ್ಲಿ ಎಚ್ಚರಿಸುತ್ತೀರಿ. ನೃತ್ಯ ಇರುವುದು ಆ ದಾರಿಯಲ್ಲಿ, ನಿಲುವು ಬರೀ ಅದರ ತುದಿ ಅನ್ನುವುದು ಆಕೆಯ ನಂಬಿಕೆ.

1921ರಲ್ಲಿ ಮುದಿ ತಾಯಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಗಡಿ ದಾಟಿದಳು. ವಾಸ್ಲಾವ್‌ಗೆ ಮನಸ್ಸಿನ ಕಾಯಿಲೆ ಆಗಿತ್ತು, ಆತ ಆಗಲೇ ಕುಣಿತ ನಿಲ್ಲಿಸಿದ್ದ. ವಿಯೆನ್ನಾದಲ್ಲಿ ಅಣ್ಣನನ್ನು ನೋಡಿಕೊಂಡು ಆಕೆ ದಿಯಾಗಿಲೆವ್‌ನ ಬಳಿ ಕೆಲಸಕ್ಕೆ ಬಂದಳು. ಮೊದಲು ಹಳೆಯ ಬ್ಯಾಲೆಗೆ ಕೆಲವು ಕುಣಿತ ಸೇರಿಸಿಕೊಟ್ಟಳು. 1922ರಲ್ಲಿ ಸ್ಟ್ರಾವಿನ್ಸ್ಕಿಯ 'ರೆನಾರ್' ಮಾಡಿದಳು. ಆಮೇಲೆ ಬಂತು ಮದುವೆಯ ಬ್ಯಾಲೆ, 'ಲೇ ನೋಸ್'.

ಸ್ಟ್ರಾವಿನ್ಸ್ಕಿ ಇದರ ಸಂಗೀತವನ್ನು ಮಹಾಯುದ್ಧದ ವೇಳೆಗೇ ಬರೆಯಲು ಶುರು ಮಾಡಿದ್ದ. ಮಾತುಗಳನ್ನು ಆರಿಸಿದ್ದು ಕಿರಿಯೆವ್ಸ್ಕಿ ಎಂಬುವನು ಕೂಡಿಸಿದ್ದ ರಷ್ಯಾದ ಮದುವೆಯ ಪದಗಳಿಂದ. ಯಾವ ವಾದ್ಯ ಇಡಬೇಕು ಅಂತ ವರ್ಷಗಟ್ಟಲೆ ತಡಕಾಡಿ, ಕೊನೆಗೆ ನಾಲ್ಕು ಪಿಯಾನೊ, ಬಡಿಯುವ ವಾದ್ಯಗಳು, ನಾಲ್ವರು ಮುಖ್ಯ ಗಾಯಕರು ಮತ್ತು ಒಂದು ಮೇಳಕ್ಕೆ ನಿಲ್ಲಿಸಿದ. ಪಿಟೀಲು ಇಲ್ಲ, ಕೊಳಲು ಇಲ್ಲ. ಎಲ್ಲವೂ ಬಡಿತ.

ಇದರಲ್ಲಿ ಒಂದು ವಿಶೇಷ ಇದೆ. ಒಬ್ಬ ಗಾಯಕ ಒಂದೇ ಪಾತ್ರಕ್ಕೆ ಹಾಡುವುದಿಲ್ಲ. ಈಗ ಮದುಮಗನ ಮಾತು ಹೇಳಿದ ದನಿ ಇನ್ನೊಂದು ಗಳಿಗೆಗೆ ಬೇರೆಯವನ ಮಾತು ಹೇಳುತ್ತದೆ. ಮದುಮಗಳ ಅಳು, ಗೆಳತಿಯರ ಸಮಾಧಾನ, ದೇವರ ಹೆಸರು, ಕುಡಿದವರ ಹರಟೆ, ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಪಾಶ್ಚಾತ್ಯ ಸಂಗೀತ ಕೇಳಿದವರಿಗೆ ಇದು ಗೊಂದಲ ಅನಿಸಬಹುದು. ಸೋಬಾನ ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮಲ್ಲೂ ಹಾಡುವವರು ಅದೇ ಹೆಂಗಸರು, ಒಂದು ನುಡಿಯಲ್ಲಿ ಮಗಳಾಗುತ್ತಾರೆ, ಮುಂದಿನ ನುಡಿಯಲ್ಲಿ ಅವ್ವ ಆಗುತ್ತಾರೆ.

ತಾಳದ ವಿಷಯ ಸ್ವಲ್ಪ ಕಷ್ಟ. ಧಾರವಾಡದಲ್ಲಿ ಸಂಗೀತ ಕೇಳುವವರಿಗೆ ತೊಡೆಯ ಮೇಲೆ ಕೈ ಹಾಕಿ ಆವರ್ತನ ಎಣಿಸುವ ರೂಢಿ. ಇಲ್ಲಿ ಆವರ್ತನ ಇಲ್ಲ. ಮೂರು ಎಣಿಸುತ್ತಿದ್ದಂತೆ ಎರಡಾಗುತ್ತದೆ, ಮತ್ತೆ ಮೂರು, ಆಮೇಲೆ ನಾಲ್ಕು. ಸಮ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ಆದರೆ ಒಳಗಿನ ಮಿಡಿತ ಮಾತ್ರ ತಪ್ಪುವುದಿಲ್ಲ. ನರ್ತಕರು ಪಾದಕ್ಕೆ ಒಂದು ಲೆಕ್ಕ, ಕೈಗೆ ಇನ್ನೊಂದು ಲೆಕ್ಕ ಇಟ್ಟುಕೊಂಡು ಕುಣಿಯಬೇಕು. ಒಬ್ಬರು ತಪ್ಪಿದರೆ ಇಡೀ ಗುಂಪು ಕುಸಿಯುತ್ತದೆ.

ವೇಷದ ಬಗ್ಗೆ ದೊಡ್ಡ ಜಗಳವೇ ನಡೆಯಿತು. ನತಾಲಿಯಾ ಗೊಂಚಾರೋವಾ ಎಂಬ ಚಿತ್ರಕಾರ್ತಿ ಮೊದಲು ಬರೆದು ತಂದದ್ದು ಬಣ್ಣ ಬಣ್ಣದ, ಕಸೂತಿ ತುಂಬಿದ ಹಳ್ಳಿ ಉಡುಪು. ಪ್ಯಾರಿಸ್ಸಿನ ಜನಕ್ಕೆ ರಷ್ಯಾ ಅಂದರೆ ಅದೇ ಬೇಕಿತ್ತು. ನಿಜಿನ್ಸ್ಕಾ ಆಗದು ಅಂದಳು. ಹಾಗಾದರೆ ಈ ಬ್ಯಾಲೆ ನಿನಗಿಲ್ಲ ಅಂತ ದಿಯಾಗಿಲೆವ್ ಕೈಬಿಟ್ಟ. ಆಮೇಲೆ ತಾನೇ ಮರಳಿ ಬಂದ. ಕೊನೆಗೆ ಗೊಂಚಾರೋವಾ ಎಲ್ಲರಿಗೂ ಒಂದೇ ಥರದ ಕಂದು ಮತ್ತು ಬಿಳಿ ಬಟ್ಟೆ ಮಾಡಿದಳು. ಹಿಂದೆ ಬೋಳು ಗೋಡೆ. ಅಷ್ಟೇ. ಗಂಡು, ಹೆಣ್ಣು, ಮದುಮಕ್ಕಳು, ನೆಂಟರು, ಎಲ್ಲರೂ ದುಡಿಯುವ ಜನರ ಸಾದಾ ಬಟ್ಟೆಯಲ್ಲಿ. ಹಳ್ಳಿ ಮದುವೆಯನ್ನು ಪೇಟೆಯವರಿಗೆ ನೋಡಲು ಚೆಂದ ಮಾಡಿ ಕೊಡುವುದಿಲ್ಲ ಅನ್ನುವ ಆಕೆಯ ಹಟ ನನಗೆ ಬಹಳ ಹಿಡಿಸುತ್ತದೆ. ಆ ಮದುವೆಯಲ್ಲಿ ಹುಡುಗ ಹುಡುಗಿಯನ್ನು ಕೇಳಿದವರಿಲ್ಲ. ಹಿರಿಯರು ಗೊತ್ತು ಮಾಡಿದ್ದು. ಒಳಗೆ ಅಂಜಿಕೆ ಇದೆ, ತೌರು ಬಿಡುವ ಸಂಕಟ ಇದೆ. ಅದಕ್ಕೆ ಜರಿ ಅಂಚು ಹಚ್ಚಲು ಆಕೆ ಒಪ್ಪಲಿಲ್ಲ.

ಬ್ಯಾಲೆ ಸುಮಾರು 25 ನಿಮಿಷದ್ದು, ನಾಲ್ಕು ದೃಶ್ಯ. ಮೊದಲನೆಯದರಲ್ಲಿ ಗೆಳತಿಯರು ಮದುಮಗಳ ಹೆರಳು ಹೆಣೆಯುತ್ತಾರೆ. ರಷ್ಯಾದ ಹಳ್ಳಿಗಳಲ್ಲಿ ಮದುವೆಯಾಗದ ಹುಡುಗಿಗೆ ಒಂದು ಹೆರಳು, ಮದುವೆಯಾದವಳಿಗೆ ಎರಡು. ಆ ಎರಡು ಹೆರಳನ್ನೂ ಮುಂದೆ ತಲೆವಸ್ತ್ರದಲ್ಲಿ ಮುಚ್ಚಬೇಕು. ಹೀಗಾಗಿ ಹೆರಳು ಬಿಚ್ಚಿ ಕಟ್ಟುವುದೇ ದೊಡ್ಡ ವಿಧಿ. ನಿಜಿನ್ಸ್ಕಾ ಈ ಹೆರಳನ್ನು ಮಾರುದ್ದ ಮಾಡಿಬಿಟ್ಟಳು. ಹಗ್ಗದಂತೆ ಎರಡೂ ಕಡೆ ಚಾಚಿರುತ್ತವೆ, ಗೆಳತಿಯರು ಅವನ್ನು ಹಿಡಿದಿರುತ್ತಾರೆ. ಹುಡುಗಿ ನಡುವೆ. ಅದು ಅಲಂಕಾರವೋ, ಕಟ್ಟಿಹಾಕುವುದೋ ಹೇಳುವುದು ಕಷ್ಟ. ದೃಶ್ಯದ ಕೊನೆಗೆ ಗೆಳತಿಯರು ಒಬ್ಬರ ತಲೆಯ ಮೇಲೊಬ್ಬರು ತಲೆ ಇಟ್ಟು ಒಂದು ಗೋಪುರ ಮಾಡುತ್ತಾರೆ. ತುದಿಯಲ್ಲಿ ಮದುಮಗಳ ಮುಖ.

ನರಗುಂದದ ನಮ್ಮ ಚಿಗವ್ವನಿಗೆ ಇದರ ವಿಡಿಯೋ ತೋರಿಸಿದ್ದೆ. ಊರಿನ ಮದುವೆಗಳಲ್ಲಿ ಪದ ಹೇಳುವವಳು ಆಕೆ. ಮೊದಲು ಮುಖ ಸಿಂಡರಿಸಿದಳು. "ಇದೇನ ಯವ್ವಾ, ಮದುವಿ ಅಂತಿ, ಒಬ್ಬರ ಮಾರ್ಯಾಗೂ ನಗಿ ಇಲ್ಲಲ್ಲ?" ಅಂದಳು. ಹೆರಳಿನ ದೃಶ್ಯ ಬಂದಾಗ ಸುಮ್ಮನಾದಳು. ಆಮೇಲೆ, "ಹುಡುಗಿನ್ನ ಒಪ್ಪಿಸಿ ಕೊಡೂ ಮುಂದ ನಗಿ ಎಲ್ಲಿಂದ ಬರಬೇಕು, ಖರೇ ಐತಿ ಬಿಡು" ಅಂದಳು. ಅಷ್ಟು ಹೇಳಿ ಮೂರನೇ ದೃಶ್ಯದಲ್ಲಿ ತಾಯಂದಿರು ಅಳುವ ತನಕ ಕಣ್ಣು ತೆಗೆಯಲಿಲ್ಲ. ರಷ್ಯನ್ ಭಾಷೆಯ ಒಂದು ಶಬ್ದವೂ ಆಕೆಗೆ ಬೇಕಾಗಲಿಲ್ಲ.

ಎರಡನೇ ದೃಶ್ಯ ಮದುಮಗನ ಮನೆ, ಗಂಡಸರ ಗುಂಪು. ಮೂರನೆಯದು ಹೆಣ್ಣು ಮನೆ ಬಿಡುವುದು. ನಾಲ್ಕನೆಯದು ಮದುವೆ ಊಟ, ಗದ್ದಲ, ಕುಣಿತ. ಅಲ್ಲಿ ಮದುಮಕ್ಕಳು, ಅವರ ತಂದೆತಾಯಿ ಹಿಂದೆ ಎತ್ತರದ ಕಟ್ಟೆಯ ಮೇಲೆ ಕೂತಿರುತ್ತಾರೆ. ಕೆಳಗೆ ಊರು ಕುಣಿಯುತ್ತದೆ. ಗುಂಪು ಒಮ್ಮೆ ಬೆಣೆಯಂತೆ ಚೂಪಾಗುತ್ತದೆ, ಒಮ್ಮೆ ಗೋಡೆಯಾಗುತ್ತದೆ, ಒಮ್ಮೆ ಗುಡ್ಡೆ ಬೀಳುತ್ತದೆ. ಹಳೆಯ ಬ್ಯಾಲೆಯಲ್ಲಿ ಹಿಂದೆ ನಿಲ್ಲುತ್ತಿದ್ದ ಸಾಲು ಈಗ ಮುಂದೆ ಬಂದಿದೆ, ನಾಯಕ ನಾಯಕಿ ಹಿಂದೆ ಸರಿದಿದ್ದಾರೆ. ಮೊದಲು ಹೇಳಿದ ಏರ್ಪಾಟು ಇಲ್ಲಿ ಪೂರಾ ತಿರುಗಿತು.

ಬೆರಳ ತುದಿಯ ಶೂಗಳನ್ನೂ ಆಕೆ ಬಿಡಲಿಲ್ಲ, ಅವುಗಳ ಕೆಲಸ ಬದಲಿಸಿದಳು. ತಾಲ್ಯೋನಿಗೆ ಅವು ಹಾರಲು ಬೇಕಿತ್ತು. ನಿಜಿನ್ಸ್ಕಾಳ ಹಳ್ಳಿ ಹುಡುಗಿಯರು ಅದೇ ತುದಿಯಿಂದ ನೆಲಕ್ಕೆ ಚುಚ್ಚುತ್ತಾರೆ. ಕಾಲು ಹೊರಕ್ಕೆ ತಿರುಗಿಸುವ ಬದಲು ನೇರವಾಗಿ ಇಡುತ್ತಾರೆ. ಮುಷ್ಟಿ ಬಿಗಿದಿರುತ್ತದೆ. ತುದಿಯ ಮೇಲೆ ನಿಂತಾಗ ಮೈ ಉದ್ದವಾಗಿ, ಬಿಜಾಂಟಿಯಮ್ಮಿನ ಹಳೆಯ ಚರ್ಚುಗಳ ಗೋಡೆಚಿತ್ರದ ಸಂತರಂತೆ ಕಾಣುತ್ತದೆ ಅನ್ನುವುದು ಆಕೆಯ ವಿಚಾರ. ಅಂದರೆ ಮದುವೆ ಒಂದು ಪೂಜೆಯಂತೆ, ತಪ್ಪಿಸಿಕೊಳ್ಳಲಾಗದ ವಿಧಿಯಂತೆ ಕಾಣಬೇಕು. ಹಳೆಯ ಹತ್ಯಾರ, ಹೊಸ ಕೆಲಸ. ಶಾಸ್ತ್ರವನ್ನು ಬಿಟ್ಟು ಹೋಗಿ ಹೊಸದು ಮಾಡಿದವರು ಆಗ ಬೇರೆ ಇದ್ದರು. ಶಾಸ್ತ್ರದೊಳಗೇ ನಿಂತು ಅದನ್ನು ತಿರುಗಿಸಿದ್ದು ಇವಳ ದೊಡ್ಡತನ.

ಪ್ಯಾರಿಸ್ ಮೆಚ್ಚಿತು, ಆದರೆ ಆಂದ್ರೆ ಲೆವಿನ್ಸನ್ ಎಂಬ ದೊಡ್ಡ ವಿಮರ್ಶಕ ಇದು ವ್ಯಕ್ತಿಯನ್ನು ಗುಂಪಿನಲ್ಲಿ ಕರಗಿಸುವ ಮಾರ್ಕ್ಸ್‌ವಾದಿ ಬ್ಯಾಲೆ ಅಂತ ಟೀಕಿಸಿದ. 1926ರಲ್ಲಿ ಲಂಡನ್ನಿನ ಪತ್ರಿಕೆಗಳು ಇನ್ನೂ ಕಟುವಾಗಿ ಬರೆದಾಗ ಕಾದಂಬರಿಕಾರ ಎಚ್. ಜಿ. ವೆಲ್ಸ್ ಈ ಬ್ಯಾಲೆಯ ಪರವಾಗಿ ಪತ್ರ ಬರೆದ. ಲೆವಿನ್ಸನ್ ಮಾತನ್ನು ನಾನು ಒಪ್ಪುವುದಿಲ್ಲ. ಗುಂಪು ಆ ಹುಡುಗಿಯನ್ನು ಹೇಗೆ ನುಂಗುತ್ತದೆ ಅಂತ ತೋರಿಸುವುದು ಬೇರೆ, ನುಂಗಿದ್ದು ಸರಿ ಅನ್ನುವುದು ಬೇರೆ ಅಲ್ವಾ?

ಇದಾದ ಕೂಡಲೇ, 1924ರ ಜನವರಿಯಲ್ಲಿ, ಮಾಂಟೆ ಕಾರ್ಲೊದಲ್ಲಿ 'ಲೇ ಬಿಶ್' ಬಂತು. ಸಂಗೀತ ಪೂಲಾಂಕ್‌ನದು. ಮದುವೆಯ ಬ್ಯಾಲೆಗೆ ಪೂರ್ತಿ ಉಲ್ಟಾ, ಶ್ರೀಮಂತರ ಪಾರ್ಟಿ, ತಿಳಿಬಣ್ಣ, ಚೇಷ್ಟೆ. ಪಾರ್ಟಿ ಕೊಡುವ ಯಜಮಾನಿಯ ಪಾತ್ರವನ್ನು ಆಕೆಯೇ ಮಾಡಿದಳು. ಅದೇ ವರ್ಷ ಸಮುದ್ರದ ದಂಡೆಯ ಆಟೋಟಗಳ ಮೇಲೆ 'ನೀಲಿ ರೈಲು' ಬ್ಯಾಲೆ. ಅದಕ್ಕೆ ಉಡುಪು ಕೊಕೊ ಶನೆಲ್‌ಳದು, ಮುಂದಿನ ಪರದೆ ಪಿಕಾಸೊನದು. 1928ರಲ್ಲಿ ನರ್ತಕಿ ಈಡಾ ರೂಬಿನ್‌ಸ್ಟೈನ್‌ಳ ಕಂಪನಿಗೆ ರಾವೆಲ್‌ನ 'ಬೊಲೆರೊ'. ಆ ಸಂಗೀತವನ್ನು ಇವತ್ತು ಜಾಹೀರಾತಿನಲ್ಲೂ ಕೇಳುತ್ತೀರಿ. ಅದು ಮೊದಲು ಬಂದದ್ದು ಬ್ಯಾಲೆಯಾಗಿ, ಅದಕ್ಕೆ ಹೆಜ್ಜೆ ಕಟ್ಟಿದ್ದು ಇವಳು.

1930ರ ದಶಕ ಆಕೆಗೆ ದುಃಖ ತಂದಿತು. 1935ರಲ್ಲಿ ಫ್ರಾನ್ಸಿನಲ್ಲಿ ಕಾರು ಅಪಘಾತವಾಗಿ ಮಗ ಲಿಯೊನ್ ತೀರಿಕೊಂಡ, ಮಗಳು ಇರೀನಾಗೆ ಪೆಟ್ಟಾಯಿತು. ಕಿವಿಯೂ ಮಂದವಾಗುತ್ತಾ ಬಂದಿತ್ತು. ಕೆಲಸ ಬಿಡಲಿಲ್ಲ. 1937ರಲ್ಲಿ ಪೋಲೆಂಡಿನ ಬ್ಯಾಲೆ ತಂಡ ಕಟ್ಟಿದಳು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಲಾಸ್ ಏಂಜಲೀಸ್‌ನಲ್ಲಿ ಶಾಲೆ ತೆರೆದಳು. ಅಲ್ಲಿ ಕಲಿತ ಮರಿಯಾ ಟಾಲ್‌ಚೀಫ್, ಓಸೇಜ್ ಎಂಬ ಅಮೆರಿಕದ ಮೂಲ ನಿವಾಸಿ ಜನಾಂಗದ ಹುಡುಗಿ, ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆಯ ದೊಡ್ಡ ತಾರೆಯಾದಳು.

ಇಷ್ಟೆಲ್ಲ ಮಾಡಿದ ಕಲಾವಿದೆಯ ಕೆಲಸ ಎಷ್ಟು ಉಳಿಯಿತು? ಬಹಳ ಕಡಿಮೆ. ಇಲ್ಲಿ ಬ್ಯಾಲೆಯ ದೊಡ್ಡ ದೌರ್ಬಲ್ಯ ಕಾಣುತ್ತದೆ. ಸಂಗೀತಕ್ಕೆ ಸ್ವರಲಿಪಿ ಇದೆ, ನಾಟಕಕ್ಕೆ ಪುಸ್ತಕ ಇದೆ. ನೃತ್ಯವನ್ನು ಬರೆದಿಡುವ ಲಿಪಿಗಳು ಇದ್ದರೂ ಎಲ್ಲರಿಗೂ ಬರುವುದಿಲ್ಲ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಬೇಕು. ಇದನ್ನು ನಮ್ಮ ಊರಿಗೆ ಹೇಳಿಕೊಡಬೇಕಿಲ್ಲ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕೂತೇ ಕಲಿತದ್ದು. ಕಲಿಸುವವರ ಎದುರು ಕೂರುವವರು ಇಲ್ಲದಿದ್ದರೆ ವಿದ್ಯೆ ಅಲ್ಲಿಗೇ ನಿಲ್ಲುತ್ತದೆ. ನಿಜಿನ್ಸ್ಕಾ ಒಂದು ಕಂಪನಿಯಲ್ಲಿ ನೆಲೆ ನಿಲ್ಲಲಿಲ್ಲ. ಪ್ಯಾರಿಸ್, ಬ್ಯೂನಸ್ ಐರಿಸ್, ವಾರ್ಸಾ, ಅಮೆರಿಕ ಅಂತ ತಿರುಗಿದಳು. ಕಂಪನಿ ಮುಚ್ಚಿದಾಗ ಅದರ ಜೊತೆ ಬ್ಯಾಲೆಯೂ ಹೋಯಿತು.

'ಲೇ ನೋಸ್' ಉಳಿದದ್ದು ಒಬ್ಬ ಹಳೆಯ ಶಿಷ್ಯನಿಂದ. 1928ರಲ್ಲಿ ರೂಬಿನ್‌ಸ್ಟೈನ್ ಕಂಪನಿಯಲ್ಲಿ ಆಕೆಯ ಕೈಕೆಳಗೆ ಕುಣಿದಿದ್ದ ಫ್ರೆಡರಿಕ್ ಆಷ್ಟನ್ ಎಂಬ ಹುಡುಗ ಮುಂದೆ ಲಂಡನ್ನಿನ ರಾಯಲ್ ಬ್ಯಾಲೆಯ ಮುಖ್ಯಸ್ಥನಾದ. ಆತ ಗುರುವನ್ನು ಮರೆಯಲಿಲ್ಲ. 1964ರಲ್ಲಿ 'ಲೇ ಬಿಶ್' ಕಲಿಸಲು, 1966ರಲ್ಲಿ 'ಲೇ ನೋಸ್' ಕಲಿಸಲು ಆಕೆಯನ್ನೇ ಕರೆಸಿದ. 75 ವರ್ಷದ, ಕಿವಿ ಸರಿಯಾಗಿ ಕೇಳದ ಹೆಣ್ಣುಮಗಳು ಆ ಕಷ್ಟದ ಲೆಕ್ಕಗಳನ್ನು ಹೊಸ ಹುಡುಗ ಹುಡುಗಿಯರ ಮೈಗೆ ಹತ್ತಿಸಿದಳು. ಇವತ್ತು ಜಗತ್ತು ನೋಡುವ 'ಲೇ ನೋಸ್' ಬಹುಪಾಲು ಆ ಕಲಿಕೆಯ ಮೇಲೆ ನಿಂತಿದೆ. ಆಕೆ 1972ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ತೀರಿಕೊಂಡಳು. ಬಾಲ್ಯ ಮತ್ತು ಅಣ್ಣನ ಬಗ್ಗೆ ಆಕೆ ಬರೆದಿಟ್ಟಿದ್ದ ನೆನಪುಗಳನ್ನು ಮಗಳು ಇರೀನಾ 1981ರಲ್ಲಿ ಪುಸ್ತಕವಾಗಿ ಹೊರತಂದಳು.

ರಾಯಲ್ ಬ್ಯಾಲೆ ಆಡಿದ 'ಲೇ ನೋಸ್' ವಿಡಿಯೋ ಸಿಗುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ, ಆ ನಾಲ್ಕು ಪಿಯಾನೊ ಡಬ್ಬಿ ಬಡಿದಂತೆ ಕೇಳುತ್ತವೆ. ಇಯರ್‌ಫೋನ್ ಹಾಕಿ. ಮೊದಲ ಸಲ ಕಥೆ ಹುಡುಕದೆ ಬರೀ ಕಾಲುಗಳನ್ನು ನೋಡಿ, ಎಷ್ಟು ಜನ ಒಂದೇ ಗಳಿಗೆಗೆ ನೆಲ ಮುಟ್ಟುತ್ತಾರೆ ಅಂತ. ಎರಡನೇ ಸಲ ಹೆರಳನ್ನು ಹಿಡಿದ ಕೈಗಳನ್ನು ನೋಡಿ. ಮನೆಯಲ್ಲಿ ಸೋಬಾನ ಹೇಳುವ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ 'ಲೇ ಬಿಶ್' ಹಾಕಿ. ಎರಡಕ್ಕೂ ನಡುವೆ ಇರುವುದು ಏಳು ತಿಂಗಳಷ್ಟೇ.